ಕೆಸರಿಗೊಂದು ಪಾದ

ಮಲ್ಲಟದ ಅಕ್ಕ ತನ್ನ ಎಡಗಾಲನ್ನು ಎರಡು ಸಲ ಕಳೆದುಕೊಂಡವಳು. ಮೊದಲನೆಯ ಸಲ, ಕೂಲಿ ಮುಗಿಸಿ ಬರುವಾಗ ಟ್ರ್ಯಾಕ್ಟರ್ ಟ್ರಾಲಿ ಮಗುಚಿ ಮೊಣಕಾಲಿನ ಕೆಳಗಿನದು ಹೋಯಿತು. ಅದನ್ನು ಆಕೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ. ಎರಡನೆಯದು ಹಾಗಲ್ಲ, ಬಿಡಿಸಿ ಬಿಡಿಸಿ, ಕೈ ತಿರುವಿ, ನಡುನಡುವೆ ತಾನೇ ನಕ್ಕು ಹೇಳುವ ಕಥೆ. ಶಿಬಿರವೊಂದರಲ್ಲಿ ಕೊಟ್ಟ ಕೃತಕ ಕಾಲು ಹಾಕಿಕೊಂಡು ಸಂತೆ, ಗುಡಿ, ಬಸ್ ನಿಲ್ದಾಣ ಎಲ್ಲ ಓಡಾಡಿ ಧೈರ್ಯ ಬಂದ ಮೇಲೆ ಒಂದು ಬೆಳಗ್ಗೆ ಸೀದಾ ನಾಟಿ ಗದ್ದೆಗೆ ಇಳಿದಳಂತೆ. ಕೆಸರು ಕಾಲನ್ನು ಹಿಡಿದುಕೊಂಡಿತು.

"ನಾ ಹೊರಗ ಬಂದೆ, ಕಾಲು ಒಳಗ ಉಳೀತು. ಆಮ್ಯಾಲ ಎಲ್ಲಾರೂ ಕೂಡಿ ಗೆಣಸು ಅಗದಂಗ ಅಗದು ತಗದ್ರು ನೋಡ್ರಿ."

ಇದನ್ನು ಮೊದಲ ಸಲ ಕೇಳಿದಾಗ ನಾನು ನಗಲೋ ಬೇಡವೋ ತಿಳಿಯದೆ ತಲೆ ತಗ್ಗಿಸಿ ಕುಳಿತಿದ್ದೆ. ನಗದಿದ್ದರೆ ಇನ್ನೊಮ್ಮೆ ಹೇಳುತ್ತೇನೆ ಎಂದು ಆಕೆ ಹೆದರಿಸಿದ ಮೇಲೆ ನಕ್ಕೆ.

ನಾನು ಆಗ ರಾಯಚೂರಿನ ತಾಂತ್ರಿಕ ವಿಶ್ವವಿದ್ಯಾಲಯವೊಂದರಲ್ಲಿ ಜೈವಿಕ ಎಂಜಿನಿಯರಿಂಗ್ ಸಂಶೋಧನೆಯಲ್ಲಿದ್ದೆ. ಕೆಸರಿನಲ್ಲಿ ನಡೆಯಬಲ್ಲ ಕೃತಕ ಪಾದದ ಆಕಾರವನ್ನು ಕಂಪ್ಯೂಟರಿನಲ್ಲಿ ಹುಡುಕುವುದು ನನ್ನ ವಿಷಯ. ಬಹುಪಾಲು ಕೃತಕ ಪಾದಗಳನ್ನು ಗಟ್ಟಿ ನೆಲಕ್ಕೆಂದು ಮಾಡಿರುತ್ತಾರೆ. ಕೆಸರಿನ ಗುಣವೇ ಬೇರೆ. ಒತ್ತಿದರೆ ಹರಿಯುತ್ತದೆ, ಸುಮ್ಮನೆ ಬಿಟ್ಟರೆ ಬಿಗಿಯುತ್ತದೆ, ಎಳೆದರೆ ಕೆಳಗಿನಿಂದ ಹೀರುತ್ತದೆ. ಈ ಮೂರನ್ನೂ ಸಮೀಕರಣಕ್ಕೆ ತಂದು, ಗದ್ದೆಯನ್ನು ಲಕ್ಷಾಂತರ ಕಣಗಳಾಗಿ ಒಡೆದು, ಒಂದೊಂದು ಪಾದದ ಆಕಾರವನ್ನೂ ಆ ಕಣಗಳ ನಡುವೆ ಇಳಿಸಿ ಎತ್ತಿ ನೋಡಬೇಕು. ಪುಣ್ಯಕ್ಕೆ ಕಂಪ್ಯೂಟರಿನ ಕೆಸರು ಸೀರೆಗೆ ಹತ್ತುವುದಿಲ್ಲ.

ಅಕ್ಕನಿಗೆ ಆ ಪಾದ ಏಕೆ ಬೇಕಿತ್ತು ಎಂಬುದಕ್ಕೆ ಅವರ ಗುಂಪಿನ ಪದ್ಧತಿ ಹೇಳಬೇಕು. ನಾಟಿ ಹಚ್ಚುವ ಹೆಂಗಸರು ಗುಂಪಾಗಿ ಗದ್ದೆಯನ್ನು ಗುತ್ತಿಗೆ ಹಿಡಿಯುತ್ತಾರೆ. ಸಾಲಿನಲ್ಲಿ ಒಬ್ಬೊಬ್ಬಳಿಗೂ ತನ್ನದೇ ಜಾಗ. ಎಡಕ್ಕೆ ಇಂಥವಳು, ಬಲಕ್ಕೆ ಇಂಥವಳು ಎಂದು ವರ್ಷಗಟ್ಟಲೆ ಬದಲಾಗುವುದಿಲ್ಲ. ಯಾರಿಗಾದರೂ ಹೆರಿಗೆಯೋ ಜಡ್ಡೋ ಬಂದರೆ ಒಂದು ಹಂಗಾಮು ಆ ಜಾಗ ಕಾಯುತ್ತದೆ. ಎರಡನೆಯ ಹಂಗಾಮಿಗೂ ಬರದಿದ್ದರೆ ಬೇರೆಯವಳನ್ನು ನಿಲ್ಲಿಸುತ್ತಾರೆ, ಮುಂದೆ ಅದು ಅವಳದೇ. ಅಕ್ಕನಿಗೆ ಇದು ಎರಡನೆಯ ಹಂಗಾಮು. ಬದುವಿನ ಮೇಲೆ ಕೂತು ಸಸಿ ಕಟ್ಟು ಕಟ್ಟಿಕೊಡುವ ಕೆಲಸವನ್ನು ಗುಂಪಿನವರು ಕೊಟ್ಟಿದ್ದರು. ಹೊಟ್ಟೆಗೆ ಅದು ಸಾಕಾಗುತ್ತಿತ್ತು, ಆದರೆ ಆಕೆಗೆ ಬೇಕಾಗಿದ್ದು ಸಾಲು. "ಅಲ್ಲಿ ಮಾತು ನಡದಿರ್ತಾವ, ನಾ ಇಲ್ಲಿ ಒಡ್ಡಿನ ಮ್ಯಾಲ ಒಣ ಕಟಗಿಯಂಗ ಕುಂತಿರ್ತೀನಿ" ಎಂದಳು. ಆ ಮಾತು ನನ್ನ ಎದೆಗೆ ಚುಚ್ಚಿತು. ಈ ಹಂಗಾಮಿನೊಳಗೆ ಸಾಲಿಗೆ ಇಳಿಸುತ್ತೇನೆ ಎಂದು ಬಾಯಿತಪ್ಪಿ ಮಾತು ಕೊಟ್ಟುಬಿಟ್ಟೆ. ಸಂಶೋಧಕರು ಮಾಡಬಾರದ ಕೆಲಸವೆಂದರೆ ಅದೇ.

ಅದಕ್ಕೂ ಹಿಂದಿನ ಹಂಗಾಮಿನಲ್ಲೇ ನಾನು ಅದೇ ಗುಂಪಿನ ಬೇರೆ ಹೆಂಗಸರ ಕಾಲಿಗೆ ಚಲನೆ ಅಳೆಯುವ ಸೆನ್ಸರ್ ಕಟ್ಟಿ ಮಾಹಿತಿ ತಂದಿದ್ದೆ. ಸೆನ್ಸರಿಗೆ ಪ್ಲಾಸ್ಟಿಕ್ ಸುತ್ತಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, ಕಣಕಾಲಿಗೊಂದು ಮೊಣಕಾಲಿಗೊಂದು. ವಿಡಿಯೊ ತೆಗೆಯಲು ಹೋದರೆ ಎಲ್ಲರೂ ಕೂಡಿ ಬೈದರು. ಸೀರೆ ಮೊಣಕಾಲ ತನಕ ಏರಿಸಿ ಕಚ್ಚೆ ಹಾಕಿದವರ ಮುಂದೆ ಮೊಬೈಲ್ ಹಿಡಿದರೆ ಯಾರು ಬಿಟ್ಟಾರು? ಹಾಗಾಗಿ ನಮ್ಮ ಬಳಿ ಇದ್ದದ್ದು ಅಂಕಿಗಳು ಮಾತ್ರ, ಚಿತ್ರವಿಲ್ಲ.

ಆ ಅಂಕಿಗಳನ್ನು ಶುದ್ಧ ಮಾಡಿ ಕಂಪ್ಯೂಟರಿನ ಮಾದರಿಗೆ ಉಣಿಸುವುದು ನನ್ನ ಜೊತೆಗಾರನ ಕೆಲಸ. ಗಣಕ ವಿಜ್ಞಾನದವನು. ರಾಯಚೂರು ಪೇಟೆಯಲ್ಲಿ ಹಣ್ಣಿನ ವ್ಯಾಪಾರದ ಮನೆ, ಮನೆಯಲ್ಲಿ ದಖನಿ ಮಾತು, ನಮ್ಮೊಂದಿಗೆ ಕನ್ನಡ. ಬುದ್ಧಿ ಚುರುಕು, ನಾಲಿಗೆ ಮೆತ್ತಗೆ. ಹೊಲಕ್ಕೆ ಬಾ ಎಂದರೆ ಮಾತ್ರ ಬಿಸಿಲು ಆಗಿಬರುವುದಿಲ್ಲ ಎನ್ನುತ್ತಿದ್ದ. ರಾಯಚೂರಿನಲ್ಲಿ ಹುಟ್ಟಿ ಬಿಸಿಲು ಆಗಿಬರದವನನ್ನು ನಾನು ಅವನೊಬ್ಬನನ್ನೇ ಕಂಡಿದ್ದೇನೆ. ನಾನಾದರೋ ಮಾನ್ವಿಯವಳು, ಸಿಟ್ಟು ಮೂಗಿನ ತುದಿಯಲ್ಲೇ. ನನ್ನ ಕೆಲಸದಲ್ಲಿ ಯಾರಾದರೂ ತಪ್ಪು ತೋರಿಸಿದರೆ ಮೊದಲು ಬೈದು ಆಮೇಲೆ ತಿದ್ದಿಕೊಳ್ಳುವ ಜಾತಿ. ಇದು ಪ್ರಯೋಗಾಲಯಕ್ಕೆಲ್ಲ ಗೊತ್ತಿತ್ತು.

ಮಾದರಿ ಚೆನ್ನಾಗಿ ಓಡಿತು. ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರಿನಲ್ಲಿ ನಮ್ಮ ಸರದಿ ಬಂದಾಗಲೆಲ್ಲ ಒಂದಿಷ್ಟು ಆಕಾರಗಳನ್ನು ಪರೀಕ್ಷಿಸಿ, ಸೋತವನ್ನು ಬಿಟ್ಟು, ಗೆದ್ದವನ್ನು ಇನ್ನಷ್ಟು ಬದಲಿಸಿ ಕೊನೆಗೊಂದು ಪಾದ ಹೊರಬಂತು. ಮುಂಭಾಗ ದೋಣಿಯ ಮೂತಿಯ ಹಾಗೆ ಚೂಪು, ಕೆಸರನ್ನು ಸೀಳಿಕೊಂಡು ಹೋಗಲು. ಹಿಂಭಾಗ ಸಲಿಕೆಯ ಹಾಗೆ ಅಗಲ, ಹೂತುಹೋಗದೆ ಭಾರ ಹೊರಲು. ನಡುವೆ ಸಣ್ಣ ಕಾಲುವೆಯಂಥ ಗೀರು, ಎತ್ತುವಾಗ ಅಡಿಗೆ ಗಾಳಿ ನುಗ್ಗಿ ಹೀರಿಕೆ ಬಿಡಲೆಂದು. ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ಮಾಡಿ, ರಬ್ಬರ್ ಎರಕ ಹೊಯ್ದು, ಒಳಗೆ ಲೋಹದ ಪಟ್ಟಿ ಕೂಡಿಸಿದೆ. ಪ್ರಯೋಗಾಲಯದ ಹಿಂದಿನ ಬಯಲಿನಲ್ಲಿ ಸಿಮೆಂಟ್ ತೊಟ್ಟಿಗೆ ಗದ್ದೆಯ ಮಣ್ಣು ತುಂಬಿ ನೀರು ಬಿಟ್ಟು ತುಳಿದು ಕೆಸರು ಮಾಡಿದೆವು. ಅಕ್ಕ ಬಂದು ಒಂದು ತುದಿಯಲ್ಲಿ ಇಳಿದು ಇನ್ನೊಂದು ತುದಿಯಲ್ಲಿ ಹತ್ತಿದಳು. ಕಾಲು ಕಾಲಲ್ಲೇ ಇತ್ತು. ಮತ್ತೆ ಇಳಿದಳು, ಮತ್ತೆ ಹತ್ತಿದಳು. ಆ ಸಂಜೆ ನಾವೆಲ್ಲ ಮಂಡಕ್ಕಿ ಮಿರ್ಚಿ ತಿಂದು ಕುಣಿಯುವುದೊಂದು ಬಾಕಿ. ಬರುವ ವಾರ ಪ್ರಬಂಧ ಸಲ್ಲಿಕೆಗೆ ಮುಂಚಿನ ಸೆಮಿನಾರ್ ಇತ್ತು. ನಕ್ಷೆಗಳೆಲ್ಲ ತಯಾರಾಗಿದ್ದವು. ಗದ್ದೆಯಲ್ಲಿ ಒಮ್ಮೆ ಇಳಿಸಿ ತೋರಿಸಿದರೆ ಮುಗಿಯಿತು ಎಂದುಕೊಂಡೆ.

ಮಲ್ಲಟದ ಗದ್ದೆಗೆ ಆ ದಿನ ಜೊತೆಗಾರನೂ ಬಂದ. ಗೆದ್ದ ಕುದುರೆಯನ್ನು ನೋಡಲು ಯಾರಿಗೂ ಬಿಸಿಲು ತಾಗುವುದಿಲ್ಲ. ತಲೆಗೆ ಟವೆಲ್, ಕಣ್ಣಿಗೆ ಕರಿ ಕನ್ನಡಕ ಹಾಕಿಕೊಂಡು ಬದುವಿನ ಮೇಲೆ ನಿಂತ. ಗುಂಪಿನ ಮುಖ್ಯಸ್ಥೆ ಹಿರಿಯ ಹೆಂಗಸು, ಎಲ್ಲರೂ ಮೇಸ್ತ್ರಿ ಅಂತಲೇ ಕರೆಯುವುದು. ಅಕ್ಕನನ್ನು ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡಳು. ಅಕ್ಕ ಬಗ್ಗಿ ಎರಡು ಸಸಿ ಹಚ್ಚಿದಳು, ಕಾಲು ಎತ್ತಿದಳು, ಸರಿಸಿದಳು. ಅಷ್ಟೇ. ಪಾದದ ಹಿಂಭಾಗದ ಸಲಿಕೆ ಸಲಿಕೆಯ ಕೆಲಸವನ್ನೇ ಮಾಡಿ ಒಂದು ಗುಡ್ಡೆ ಕೆಸರು ಎಳೆದುಕೊಂಡಿತು, ಅಕ್ಕ ಪಚ್ ಎಂದು ಕೂತುಬಿಟ್ಟಳು. ಎತ್ತಿ ನಿಲ್ಲಿಸಿದರು. ಇನ್ನೊಮ್ಮೆ ಹೆಜ್ಜೆ ಇಟ್ಟಳು, ಇನ್ನೊಮ್ಮೆ ಕೂತಳು.

ತೊಟ್ಟಿಯಲ್ಲಿ ಕುಣಿದ ಪಾದಕ್ಕೆ ಇಲ್ಲೇನಾಯಿತು? ಮಣ್ಣು ಬೇರೆಯೋ, ನೀರು ಹೆಚ್ಚೋ ಎಂದು ಕೈಯಲ್ಲಿ ಕೆಸರು ಹಿಚುಕಿ ನೋಡುತ್ತಿದ್ದೆ. ಆಗ ಜೊತೆಗಾರ ಕನ್ನಡಕ ತೆಗೆದು ಸಾಲಿನ ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಬಾಯಿ ತೆರೆದೇ ಇತ್ತು.

"ಅರೆ, ಇವ್ರು ಹಿಂದಕ್ಕ ಹೊಂಟಾರಲ್ಲ" ಎಂದ.

"ಮತ್ತೇನು? ಹಚ್ಚಿದ ಸಸಿ ತುಳಕೋಂತ ಮುಂದಕ್ಕ ಹೋಗ್ತಾರೇನು?" ಎಂದು ರೇಗಿದೆ.

ಅವನು ಬದುವಿನ ಮೇಲೆ ಕೂತು ತಲೆ ಹಿಡಿದುಕೊಂಡ. ಆಮೇಲೆ ಸಣ್ಣ ದನಿಯಲ್ಲಿ ಎಲ್ಲ ಹೇಳಿದ. ನಾನು ತಂದ ಮಾಹಿತಿಯಲ್ಲಿ ಎಲ್ಲ ಕಾಲುಗಳೂ ಹಿಂದೆ ಹಿಂದೆ ಹೋಗುತ್ತಿದ್ದವಂತೆ. ಮನುಷ್ಯರು ದಿನವಿಡೀ ಹಿಮ್ಮುಖವಾಗಿ ನಡೆಯುವುದುಂಟೆ? ಸೆನ್ಸರನ್ನು ತಿರುಗುಮುರುಗಾಗಿ ಕಟ್ಟಿದ್ದೇನೆ ಎಂದೇ ಅವನಿಗೆ ಅನಿಸಿತು. ಒಂದೇ ಸಾಲಿನ ಕೋಡ್ ಬರೆದು, ಎಲ್ಲ ಅಂಕಿಗಳ ದಿಕ್ಕನ್ನೂ ಬದಲಿಸಿ, ಗುಂಪಿನ ಹೆಂಗಸರನ್ನೆಲ್ಲ ಮುಂದಕ್ಕೆ ನಡೆಸಿದ್ದ.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬೈತಿದ್ದಿ. ಸುಮ್ನ ಸರಿ ಮಾಡಿಟ್ಟೆ."

ನನಗೆ ಸಿಟ್ಟೇನೋ ಬಂತು. ಯಾವ ಬಾಯಿಂದ ಬೈಯಲಿ? ಈ ಬಾಯಿಗೆ ಹೆದರಿಯೇ ಅವನು ಕೇಳಿರಲಿಲ್ಲ. ದಿನವೂ ಅನ್ನ ಉಣ್ಣುವ ಪೇಟೆಯವನಿಗೆ ನಾಟಿಯವರು ಹಿಂದಕ್ಕೆ ಸರಿಯುತ್ತಾರೆಂಬುದು ತಿಳಿಯದು, ಮಾನ್ವಿಯಲ್ಲಿ ಹುಟ್ಟಿದ ನನಗೆ ಅದನ್ನು ಬಾಯಿಬಿಟ್ಟು ಹೇಳಬೇಕೆಂಬುದು ತಿಳಿಯಲಿಲ್ಲ. ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎಂದು ಯಾರಾದರೂ ಬರೆದುಕೊಡುತ್ತಾರೆಯೇ? ತೊಟ್ಟಿಯಲ್ಲೂ ನಾವು ಅಕ್ಕನಿಗೆ ಈ ಕಡೆ ಇಳಿದು ಆ ಕಡೆ ಹತ್ತು ಎಂದಿದ್ದೆವು, ಆಕೆ ನಾವು ಹೇಳಿದಂತೆ ಮುಂದಕ್ಕೆ ನಡೆದಿದ್ದಳು.

ಕೆಸರಲ್ಲಿ ಕೂತೇ ಇದ್ದ ಅಕ್ಕ ಏನಾಯಿತೆಂದು ಕೇಳಿದಳು. ಹೇಳಿದೆ. ಆಕೆ ನಕ್ಕ ನಗೆಗೆ ಪಕ್ಕದ ಗದ್ದೆಯ ಕೊಕ್ಕರೆಗಳು ಎದ್ದು ಹೋದವು. ಮಾತು ಸಾಲಿನ ಆ ತುದಿ ಮುಟ್ಟುವಷ್ಟರಲ್ಲಿ ಜೊತೆಗಾರನಿಗೆ ಉಲ್ಟಾ ಸರ್ ಎಂದು ಹೆಸರಾಯಿತು. ಅವನೂ ನಕ್ಕ, ಪಾಪ, ಬೇರೆ ದಾರಿ ಇರಲಿಲ್ಲ. ಆದರೆ ಅಕ್ಕ ಕಾಲು ತೊಳೆದುಕೊಂಡು ಮತ್ತೆ ಸಸಿ ಕಟ್ಟುಗಳ ಹತ್ತಿರ ಕೂತಾಗ ನಮ್ಮಿಬ್ಬರ ನಗೆಯೂ ಉಳಿಯಲಿಲ್ಲ. ಮಾನ್ವಿ ಕಡೆಯ ನಾಟಿ ಮುಗಿಯುತ್ತಾ ಬಂದಿತ್ತು. ದೇವದುರ್ಗದ ಕಡೆ ಕಾಲುವೆಗೆ ನೀರು ತಡವಾಗಿ ಬಿಟ್ಟಿದ್ದರಿಂದ ಗುಂಪು ಅಲ್ಲಿಗೆ ಹೋಗುವುದಿತ್ತು. ಅಲ್ಲಿಯದು ಮುಗಿದರೆ ಹಂಗಾಮೇ ಮುಗಿದಂತೆ. ಸಾಲಿನಲ್ಲಿ ಅಕ್ಕನ ಜಾಗಕ್ಕೆ ಊರಿಗೆ ಬಂದ ಹೊಸ ಸೊಸೆಯೊಬ್ಬಳನ್ನು ಆಗಲೇ ಮಾತಾಡಿಟ್ಟಿರುವುದಾಗಿ ಮೇಸ್ತ್ರಿ ಮುಜುಗರದಿಂದಲೇ ತಿಳಿಸಿದಳು.

ನಮ್ಮ ಮಾರ್ಗದರ್ಶಕ ಮೇಡಂ ಕಥೆ ಕೇಳಿ ಮೊದಲು ಕಣ್ಣೀರು ಬರುವ ಹಾಗೆ ನಕ್ಕರು, ಆಮೇಲೆ ನಿಜವಾಗಿ ಚಿಂತೆಗೆ ಬಿದ್ದರು. ಕಂಪ್ಯೂಟರಿನಲ್ಲಿ ನಮಗೆ ಉಳಿದಿದ್ದು ಒಂದೇ ಸರದಿ. ಅದನ್ನು ಎರಡು ರೀತಿ ಬಳಸಬಹುದಿತ್ತು. ತೊಟ್ಟಿಯ ನಡಿಗೆಯ ಅಂಕಿಗಳು ಸರಿಯಾಗಿಯೇ ಇದ್ದವು, ಅವನ್ನು ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿ, ನಾಟಿಯ ಹೆಸರೆತ್ತದೆ ಕೆಸರಿನಲ್ಲಿ ಮುಂದಕ್ಕೆ ನಡೆಯುವ ಪಾದ ಎಂದು ಪ್ರಾಮಾಣಿಕವಾಗಿಯೇ ಸೆಮಿನಾರ್ ಕೊಡಬಹುದು. ಡಿಗ್ರಿ ವೇಳೆಗೆ ಸಿಗುತ್ತದೆ. ಇಲ್ಲವೇ ಗದ್ದೆಯ ಅಂಕಿಗಳನ್ನು ಅವುಗಳ ದಿಕ್ಕಿನಲ್ಲೇ ಬಿಟ್ಟು ಅಕ್ಕನ ಪಾದವನ್ನು ಮೊದಲಿಂದ ಹುಡುಕಬಹುದು. ಆಗ ಸೆಮಿನಾರ್ ಮುಂದಿನ ಸುತ್ತಿಗೆ, ಅದು ಯಾವಾಗಲೋ. ನಿನ್ನ ಪ್ರಬಂಧ, ನೀನೇ ಹೇಳು ಎಂದರು ಮೇಡಂ.

ಸುಳ್ಳು ಹೇಳುವುದಿಲ್ಲ, ನಾನು ತಕ್ಷಣ ಹೇಳಲಿಲ್ಲ. ನನ್ನ ಜೊತೆ ಸೇರಿದವರೆಲ್ಲ ಆಗಲೇ ಡಾಕ್ಟರ್ ಎಂದು ಕರೆಸಿಕೊಳ್ಳುತ್ತಿದ್ದರು. ಕ್ಯಾಂಟೀನಿನಲ್ಲಿ ಎರಡು ಚಹಾ ಕುಡಿದು, ಜೊತೆಗಾರನ ಮೇಲೆ ಬಾಕಿ ಉಳಿದಿದ್ದ ಸಿಟ್ಟನ್ನು ತೀರಿಸಿ, ವಾಪಸು ಬಂದು ಸೆಮಿನಾರ್ ಬೇಡ ಅಂದೆ. ಮೇಡಂ ತಲೆಯಾಡಿಸಿ, ಹಾಗಾದರೆ ಇಲ್ಲೇಕೆ ನಿಂತಿದ್ದೀ ಎಂದರು.

ಪಾದವನ್ನೇ ತಿರುಗಿಸಿ ಹಾಕಿದರೆ ಹೇಗೆ ಎಂದು ಉಲ್ಟಾ ಸರ್ ಕೇಳಿದ. ತಮಾಷೆಗೆ ಕೇಳಿದ್ದು, ಆದರೆ ದಿಕ್ಕು ತಿರುವಿದ್ದಕ್ಕೆ ಉತ್ತರವೂ ತಿರುವಿದ್ದೇ ಇರಬೇಕಲ್ಲ. ತೊಟ್ಟಿಯಲ್ಲಿ ಅಕ್ಕನಿಗೆ ಚೂಪು ಮೂತಿ ಹಿಂದೆ ಬರುವಂತೆ ತೊಡಿಸಿದೆವು. ಹಿಂದಕ್ಕೆ ಹೆಜ್ಜೆ ಇಟ್ಟರೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಸರಿಯಿತು. ಚಪ್ಪಾಳೆ ತಟ್ಟುವಷ್ಟರಲ್ಲಿ ಆಕೆ ಹೊರಗೆ ಬರಲು ಮುಂದಕ್ಕೆ ತಿರುಗಿದಳು, ಹಿಮ್ಮಡಿ ಇರಬೇಕಾದ ಕಡೆ ಚೂಪು ಮೂತಿ ಇದ್ದದ್ದರಿಂದ ಕಾಲು ಹೊರಳಿ ಮುಗ್ಗರಿಸಿ ನನ್ನ ಮೇಲೆಯೇ ಬಿದ್ದಳು. ಇಬ್ಬರೂ ತೊಟ್ಟಿಯೊಳಗೆ. ಗದ್ದೆಯ ತನಕ ನಡೆದು ಹೋಗಲು ಬಾರದ ಪಾದ ಗದ್ದೆಯಲ್ಲಿ ಎಷ್ಟು ಚೆನ್ನಾಗಿದ್ದರೇನು?

ನಮ್ಮ ಒಂದೇ ಸರದಿಯ ಮೊದಲ ಪಾಲಿನಲ್ಲಿ ಎರಡೂ ದಿಕ್ಕಿಗೆ ಒಗ್ಗುವ ಒಂದೇ ಆಕಾರವನ್ನು ಹುಡುಕಲು ಕಂಪ್ಯೂಟರಿಗೆ ಹೇಳಿದೆವು. ಅದು ಹುಡುಕಿಕೊಟ್ಟಿದ್ದು ಎರಡೂ ಕಡೆ ಅರೆಬರೆ, ಬದುವಿನ ಮೇಲೂ ತೊಡಕು, ಕೆಸರಿನಲ್ಲೂ ತೊಡಕು. ನನ್ನ ಪ್ರಬಂಧದ ಇಡೀ ವಾದವೇ ಒಂದು ಕೆಲಸಕ್ಕೆ ಒಂದು ಅತ್ಯುತ್ತಮ, ಕದಲದ ಆಕಾರ ಇರುತ್ತದೆ ಎಂಬುದಾಗಿತ್ತು. ಅದನ್ನು ಬಿಟ್ಟುಕೊಡಲು ಸಂಕಟವಾಯಿತು. ಆದರೂ ಬಿಟ್ಟೆ. ಹಾಳಾಗಲಿ, ಆಕಾರ ಹಳೆಯದೇ ಇರಲಿ, ಅಡಿಭಾಗ ತಿರುಗಲಿ ಎಂದು ತೀರ್ಮಾನಿಸಿದೆ. ದಾರಿಯಲ್ಲಿ ಮೂತಿ ಮುಂದೆ, ಗದ್ದೆಗಿಳಿಯುವ ಮುಂಚೆ ಬದುವಿನ ಮೇಲೆ ಕೂತು ಒಂದು ಪಿನ್ನು ಎಳೆದು ಅರ್ಧ ಸುತ್ತು ತಿರುಗಿಸಿದರೆ ಮೂತಿ ಹಿಂದೆ. ಸರದಿಯಲ್ಲಿ ಉಳಿದ ಹೊತ್ತನ್ನು ಆ ತಿರುಗುವ ಕೀಲಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ನೋಡಲು ಖರ್ಚು ಮಾಡಿದೆವು. ಗದ್ದೆಯ ಅಂಕಿಗಳು ಈಗ ಹಿಂದಕ್ಕೇ ನಡೆಯುತ್ತಿದ್ದವು. ಜೊತೆಗಾರ ಪ್ರತಿ ಸಲವೂ ನನ್ನನ್ನು ಕರೆದು ತೋರಿಸಿ, ಇದು ಹೀಗೇ ಇರಬೇಕೇನು ಎಂದು ಕೇಳುತ್ತಿದ್ದ. ನಾನು ಬೈಯದೆ ಉತ್ತರಿಸುವುದನ್ನು ಕಲಿತೆ, ಅಂದರೆ ಕಡಿಮೆ ಬೈದೆ.

ಪ್ಲಾಸ್ಟಿಕ್ಕಿನ ಮೊದಲ ಪಿನ್ನು ಅಕ್ಕ ಎದ್ದು ನಿಂತ ಕೂಡಲೇ ಲಟ್ಟೆಂದು ಮುರಿಯಿತು. ರಾಯಚೂರಿನ ಒಂದು ಲೇತ್ ಅಂಗಡಿಯಲ್ಲಿ ಉಕ್ಕಿನದು ಮಾಡಿಸಿದೆವು. ಅದು ಗಟ್ಟಿಯಾಗಿತ್ತು, ಆದರೆ ಕೀಲಿನೊಳಗೆ ಕೆಸರು ಸೇರಿ ಒಣಗಿ, ಎಳೆದರೆ ಹೊರಗೆ ಬರಲೊಲ್ಲದು. ಗ್ರೀಸ್ ಹಚ್ಚಿದರೆ ಕೆಸರು ಇನ್ನೂ ಪ್ರೀತಿಯಿಂದ ಅಂಟಿಕೊಂಡಿತು. ಕೊನೆಗೆ ಸೆನ್ಸರಿಗೆ ಮಾಡಿದ ಉಪಾಯವನ್ನೇ ಮಾಡಿ, ಕೀಲಿನ ಸುತ್ತ ಸೈಕಲ್ ಟ್ಯೂಬ್ ಏರಿಸಿ ಎರಡೂ ಬಾಯಿ ಬಿಗಿದೆವು. ಅಕ್ಕನಿಗೆ ತನ್ನ ಕಾಲಿನ ಅಂದ ಹೀಗಾಯಿತಲ್ಲ ಎಂದು ಸ್ವಲ್ಪ ಬೇಜಾರಾಯಿತು. ಬಣ್ಣ ಹಚ್ಚಿಕೊಡುತ್ತೇನೆ ಎಂದೆ. ಹಸಿರು ಬೇಡ, ಗದ್ದೆಯಲ್ಲಿ ಕಳೆದರೆ ಕಾಣುವುದಿಲ್ಲ ಎಂದಳು. ಕೆಂಪು ಹಚ್ಚಿದೆವು.

ದೇವದುರ್ಗದ ಆಚೆಯ ಗದ್ದೆಗೆ ಗುಂಪು ಟಂಟಂ ಆಟೊದಲ್ಲಿ ಬೆಳಗ್ಗೆಯೇ ಬಂದಿತ್ತು. ನಾವಿಬ್ಬರೂ ಲ್ಯಾಪ್‌ಟಾಪ್ ಹೊತ್ತು ಹಿಂದೆ ಹೋದೆವು. ಹೊಸ ಸೊಸೆಯೂ ಬಂದು ಸೆರಗು ಕಟ್ಟಿಕೊಂಡು ಬದುವಿನ ಮೇಲೆ ಕಾಯುತ್ತಿದ್ದಳು. ಅಕ್ಕ ಕೂತು ಪಿನ್ನು ಎಳೆದಳು, ಅಡಿ ತಿರುಗಿಸಿದಳು, ಪಿನ್ನು ಹಾಕಿದಳು, ಇಳಿದಳು. ಸಸಿಯ ಪ್ರತಿ ಗೆರೆ ಹಚ್ಚಿ ಮುಗಿದಾಗಲೂ ಒಂದು ಗಳಿಗೆ ನಿಲ್ಲಬೇಕು, ನಾವು ಕಾಲಿಗೆ ಕಟ್ಟಿದ ಸೆನ್ಸರಿನಿಂದ ಅಳತೆ ತೆಗೆದುಕೊಳ್ಳುತ್ತೇವೆ ಎಂದು ಮೊದಲೇ ಒಪ್ಪಿಸಿದ್ದೆ.

ಒಂದು ಹೆಜ್ಜೆ ಹಿಂದೆ ಸರಿದಳು. ಕೂರಲಿಲ್ಲ. ಇನ್ನೊಂದು. ಕೆಂಪು ಪಾದ ಕೆಸರಿನಿಂದ ಮೆಲ್ಲಗೆ ಬಿಡಿಸಿಕೊಂಡು ಹಿಂದೆ ಇಳಿಯಿತು. ಮೊದಲ ಗೆರೆಗೆ ನಿಂತಳು, ಅಳತೆ ಬಂತು. ಎರಡನೆಯದಕ್ಕೂ ನಿಂತಳು. ಆಮೇಲೆ ಸಾಲಿನಲ್ಲಿ ಯಾರೋ ಯಾರದೋ ಮದುವೆಯ ಮಾತು ತೆಗೆದರು. ಅಕ್ಕ ಆ ಮಾತಿಗೆ ಬಿದ್ದಳು, ನಿಲ್ಲುವುದನ್ನು ಮರೆತಳು. ಜೊತೆಗಾರ ಬದುವಿನಿಂದ ಕೈ ಬೀಸಿದ, ಕೆಮ್ಮಿದ, ಕೂಗಿದ. ಆಕೆ ತಲೆ ಎತ್ತಲಿಲ್ಲ. ಮಾತಿನ ಭರಕ್ಕೆ ಆಕೆಯ ಗೆರೆ ಸೊಟ್ಟಗಾಗುತ್ತಾ ಪಕ್ಕದವಳ ಗೆರೆಗೆ ತಾಗುವ ಹಾಗಾಯಿತು.

ಆಗ ಮೇಸ್ತ್ರಿ ನೆಟ್ಟಗೆ ನಿಂತು, ಸೊಂಟದ ಮೇಲೆ ಕೆಸರುಗೈ ಇಟ್ಟು, ಇಡೀ ಗದ್ದೆಗೆ ಕೇಳುವ ಹಾಗೆ ಬೈದಳು.

"ಏನ್ ಬೇ, ಕಣ್ಣು ಎಲ್ಲಿ ಇಟ್ಟೀದಿ? ಸಾಲು ಎಲ್ಲಿ ಹೊಂಟದ ನೋಡು. ನೆಟ್ಟಗ ಹಚ್ಚೂದಿದ್ರ ಹಚ್ಚು, ಇಲ್ಲಾ ಮ್ಯಾಲ ಹತ್ತು."

ಜೊತೆಗಾರನ ಮುಖ ಬಿಳಿಚಿತು. ಕಾಲಿಲ್ಲದವಳಿಗೆ ಹೀಗೆ ಅನ್ನಬಾರದು, ನಾನು ಹೋಗಿ ಹೇಳುತ್ತೇನೆ ಎಂದು ಪ್ಯಾಂಟು ಮಡಚತೊಡಗಿದ. ನಾನು ಅವನ ಅಂಗಿ ಹಿಡಿದು ಎಳೆದು ಕೂರಿಸಿದೆ. ಟ್ರಾಲಿ ಮಗುಚಿದ ದಿನದಿಂದ ಆ ಮೇಸ್ತ್ರಿ ಅಕ್ಕನೊಡನೆ ಮಾತಾಡಿದ್ದೆಲ್ಲ ಯವ್ವಾ, ತಾಯಿ, ನೀ ಕುಂದ್ರು ಎಂಬ ಮೆತ್ತನೆಯ ಮಾತುಗಳೇ. ಸಾಲಿನಲ್ಲಿ ಇದ್ದವರಿಗೆ ಮಾತ್ರ ಆಕೆಯ ಬೈಗುಳ. ಬದುವಿನ ಮೇಲೆ ಕಾಯುತ್ತಿದ್ದ ಹೊಸ ಸೊಸೆಗೂ ಅದು ತಿಳಿಯಿತು ಅಂತ ಕಾಣುತ್ತದೆ, ಸಾಲಿನ ಆಚೆ ತುದಿಗೆ ಹೋಗಿ ತನಗೊಂದು ಬೇರೆ ಜಾಗ ಮಾಡಿಕೊಂಡಳು.

ಅಕ್ಕ ಬಗ್ಗಿದಲ್ಲಿಂದಲೇ ಮುಖ ತಿರುವಿದಳು. ಬೈಸಿಕೊಂಡ ಮುಖವಲ್ಲ ಅದು, ಹಬ್ಬದ ಮುಖ.

"ನಿನ್ನ ಸಾಲು ನೋಡ್ಕೋ ಬೇ ಮೊದ್ಲ. ನನ್ನ ಕಾಲಿಗಿ ಕಣ್ಣಿಲ್ಲ, ನಿನಗಾರ ಅದಾವಲ್ಲ" ಎಂದು ಅಷ್ಟೇ ಜೋರಾಗಿ ತಿರುಗಿ ಕೊಟ್ಟಳು.

ಸಾಲೆಲ್ಲ ನಕ್ಕಿತು, ಮೇಸ್ತ್ರಿಯೂ ನಕ್ಕಳು, ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು. ನನ್ನ ಕಣ್ಣು ತುಂಬಿ ಪರದೆಯ ಮೇಲಿನ ಅಂಕಿಗಳು ಕಾಣಲಿಲ್ಲ. ಇನ್ನೂ ಮೂರನೆಯ ಅಳತೆ ಬಂದಿಲ್ಲವಲ್ಲ, ಈಗಲಾದರೂ ಕರೆಯಲೇ ಎಂದು ಜೊತೆಗಾರ ಕೇಳಿದ. ಬೇಡ, ಆಕೆ ಕೆಲಸದಲ್ಲಿದ್ದಾಳೆ ಎಂದೆ.